ಪುಟ್ಟ ರೋಬೋಟಿಗೆ ಸೋಲಾರ್ ಸೆಲ್: ಮೊದಲು ಮೋಟಾರ್ ನೋಡಿ, ಆಮೇಲೆ ಪ್ಯಾನೆಲ್

ಹುಬ್ಬಳ್ಳಿ-ಧಾರವಾಡ ಕಡೆ ಶಾಲಾ ವಿಜ್ಞಾನ ಮೇಳಕ್ಕೆ ಹೋದರೆ ಸೋಲಾರ್ ರೋಬೋಟ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ರಟ್ಟಿನ ಮೈ, ಎರಡು ಹಳದಿ ಗೇರ್ ಮೋಟಾರ್, ಬೆನ್ನ ಮೇಲೆ ಅಂಟಿಸಿದ ನೀಲಿ ಪ್ಯಾನೆಲ್. ಹತ್ತಿರ ಹೋಗಿ ಬಗ್ಗಿ ನೋಡಿದರೆ ಹೊಟ್ಟೆಯ ಕೆಳಗೆ ಒಂದು 9 ವೋಲ್ಟ್ ಬ್ಯಾಟರಿ! ಪ್ಯಾನೆಲ್ ಇರೋದು ಬರೀ ತೋರಿಕೆಗೆ. ಇದರಲ್ಲಿ ಹುಡುಗರ ತಪ್ಪೇನಿಲ್ಲ. ಅಂಗಡಿಯಲ್ಲಿ '6 ವೋಲ್ಟ್' ಅಂತ ಬರೆದ ಪ್ಯಾನೆಲ್ ಸಿಕ್ಕಿತು, ಮೋಟಾರಿನ ಮೇಲೂ '6 ವೋಲ್ಟ್' ಅಂತಲೇ ಇತ್ತು, ಎರಡಕ್ಕೂ ಜೋಡಿ ಆಯಿತು ಅಂದುಕೊಂಡರು. ಬಿಸಿಲಿಗೆ ಇಟ್ಟರೆ ಚಕ್ರ ಅಲುಗಾಡಲೇ ಇಲ್ಲ.

ವೋಲ್ಟ್ ಹೊಂದಿದರೆ ಸಾಲದು. ಮೋಟಾರ್ ಕೇಳುವಷ್ಟು ಕರೆಂಟು ಪ್ಯಾನೆಲ್ ಕೊಡಬೇಕು, ಅಥವಾ ಕೂಡಿಟ್ಟು ಕೊಡುವ ವ್ಯವಸ್ಥೆ ನಡುವೆ ಇರಬೇಕು. ಹಾಗಾಗಿ ಪ್ಯಾನೆಲ್ ಕೊಳ್ಳುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಮೂರು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಯಾವ ಮೋಟಾರ್, ಎಲ್ಲಿ ಓಡಬೇಕು, ಎಷ್ಟು ಹೊತ್ತು ಓಡಬೇಕು.

ಹೆಜ್ಜೆ 1: ಮೋಟಾರಿನ ಹಸಿವು ಅಳೆಯಿರಿ

ಒಂದು 1.5 ವೋಲ್ಟಿನ ಪೆನ್ಸಿಲ್ ಸೆಲ್ ತಗೊಳ್ಳಿ. ಮಲ್ಟಿಮೀಟರನ್ನು ಕರೆಂಟ್ ಅಳೆಯುವ ಕಡೆಗೆ ತಿರುಗಿಸಿ, ಮೋಟಾರ್ ಜೊತೆ ಸರಣಿಯಲ್ಲಿ ಸೇರಿಸಿ. ಮೋಟಾರ್ ಸರಾಗವಾಗಿ ತಿರುಗಿ, 30 ಮಿಲಿಆಂಪಿಗಿಂತ ಕಡಿಮೆ ತಿನ್ನುತ್ತಿದ್ದರೆ ಅದು ಸೋಲಾರಿಗೆ ಹೇಳಿ ಮಾಡಿಸಿದ್ದು. ಆಮೇಲೆ ಬೆರಳಿನಿಂದ ಮೋಟಾರಿನ ತಿರುಗುವ ದಂಡವನ್ನು ಸ್ವಲ್ಪ ಅದುಮಿ ಹಿಡಿಯಿರಿ. ಮೀಟರಿನಲ್ಲಿ ಅಂಕಿ ಸರ್ರನೆ ಏರುತ್ತದೆ. ನಿಂತ ಗಾಡಿಯನ್ನು ಎಬ್ಬಿಸುವಾಗ ಮೋಟಾರ್ ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಪ್ಯಾನೆಲ್ ಸೋಲುವುದೂ ಇಲ್ಲೇ.

ಕಿಟ್‌ಗಳಲ್ಲಿ ಬರುವ ಹಳದಿ ಬಿಒ (ಬ್ಯಾಟರಿಯಲ್ಲಿ ಓಡುವ ಗೇರ್) ಮೋಟಾರ್ ಸುಮ್ನೆ ತಿರುಗಲಿಕ್ಕೇ 100 ಮಿಲಿಆಂಪಿನ ಆಸುಪಾಸು ಎಳೆಯುತ್ತದೆ. ಚಕ್ರ ತಡೆದರೆ ಅರ್ಧ ಆಂಪಿಯರ್ ದಾಟುತ್ತದೆ. ಸಣ್ಣ ಸೋಲಾರ್ ರೋಬೋಟಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಹೇಳಿದಷ್ಟು ಕೋನಕ್ಕೆ ತಿರುಗುವ ಎಸ್‌ಜಿ90 ಸರ್ವೋ ಮೋಟಾರ್ ಕೂಡ ಅದೇ ಜಾತಿ.

ಒಳ್ಳೆಯ ಮೋಟಾರ್ ಬೇಕೆಂದರೆ ಗುಜರಿ ಅಂಗಡಿಗೆ ಹೋಗಿ. ಹಳೆಯ ಕಂಪ್ಯೂಟರಿನ ಸಿಡಿ-ಡಿವಿಡಿ ಡ್ರೈವ್ ಬಿಚ್ಚಿದರೆ ಟ್ರೇ ಹೊರಗೆ ತಳ್ಳುವ ಪುಟ್ಟ ಮೋಟಾರ್ ಸಿಗುತ್ತದೆ. ಕಡಿಮೆ ವೋಲ್ಟಿಗೇ ತಿರುಗುತ್ತದೆ, ಗಟ್ಟಿಯೂ ಹೌದು. ಹಳೆಯ ಮೊಬೈಲಿನ ವೈಬ್ರೇಟರ್ ಮೋಟಾರ್ ಇನ್ನೂ ಪುಟ್ಟದು. ಅದನ್ನು ಹಲ್ಲುಜ್ಜುವ ಬ್ರಷ್ಷಿನ ತಲೆಗೆ ಅಂಟಿಸಿದರೆ ನುಣುಪಾದ ಟೈಲ್ಸ್ ಮೇಲೆ ಗುಯ್‌ಗುಟ್ಟುತ್ತಾ ಓಡುವ ಹುಳು ತಯಾರು. ಟೇಪ್ ರೆಕಾರ್ಡರಿನ ಮೋಟಾರ್ ಮಾತ್ರ ನೋಡಿ ತಗೊಳ್ಳಿ. ಅವುಗಳಲ್ಲಿ ಹಲವುಗಳ ಒಳಗೆ ವೇಗ ಹಿಡಿದಿಡುವ ಸಣ್ಣ ಸರ್ಕಿಟ್ ಇರುತ್ತದೆ. 2-3 ವೋಲ್ಟಿಗೆ ಅವು ಮಿಸುಕುವುದಿಲ್ಲ.

ಹೆಜ್ಜೆ 2: ನೇರ ಜೋಡಣೆಯೋ, ಕೂಡಿಟ್ಟು ಬಿಡುವುದೋ?

ಪ್ಯಾನೆಲನ್ನು ನೇರ ಮೋಟಾರಿಗೆ ಜೋಡಿಸಿದರೆ ಒಳ್ಳೆ ಬಿಸಿಲಿನಲ್ಲಿ ಓಡುತ್ತದೆ, ಮೋಡ ಬಂದರೆ ನಿಲ್ಲುತ್ತದೆ. ಆಟಿಕೆಗೆ ಅಷ್ಟು ಸಾಕು. ಆದರೆ ಸಣ್ಣ ಪ್ಯಾನೆಲಿನಲ್ಲೇ ಕೆಲಸ ಮುಗಿಸಬೇಕೆಂದರೆ ಬೇರೆ ದಾರಿ ಇದೆ. ಪ್ಯಾನೆಲ್ ಒಂದು ಕೆಪಾಸಿಟರನ್ನು (ವಿದ್ಯುತ್ ಕೂಡಿಡುವ ಪುಟ್ಟ ಡಬ್ಬಿ) ತುಂಬುತ್ತಾ ಹೋಗುತ್ತದೆ. ವೋಲ್ಟ್ ಒಂದು ಮಟ್ಟ ಮುಟ್ಟಿದ ಕೂಡಲೇ ಟ್ರಿಗರ್ ಸರ್ಕಿಟ್ ಬಾಗಿಲು ತೆರೆದು ಎಲ್ಲವನ್ನೂ ಒಮ್ಮೆಲೇ ಮೋಟಾರಿಗೆ ಸುರಿಯುತ್ತದೆ. ರೋಬೋಟ್ ಒಂದು ಸಲ ಕುಪ್ಪಳಿಸಿ ನಿಲ್ಲುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಇದಕ್ಕೆ ಸೋಲಾರ್ ಎಂಜಿನ್ ಅನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಟಿಲ್ಡನ್ ಶುರು ಮಾಡಿದ 'ಬೀಮ್' ರೋಬೋಟುಗಳ ಜೀವ ಇರುವುದೇ ಇದರಲ್ಲಿ. ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಬೇಡ, ಪ್ರೋಗ್ರಾಂ ಬೇಡ. ತನ್ನಿಂದ ತಾನೇ ಮಿನುಗುವ ಒಂದು ಎಲ್‌ಇಡಿ (ಟ್ರಿಗರ್ ಇದೇ), ಬಿಸಿ547 ಮತ್ತು ಬಿಸಿ557 ತರಹದ ಎರಡು ಟ್ರಾನ್ಸಿಸ್ಟರ್, 2.2 ಕಿಲೋಓಮಿನ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಅಷ್ಟರಲ್ಲೇ ಆಗುತ್ತದೆ.

ಲೆಕ್ಕ ಹೀಗೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರ್ 1.2 ವೋಲ್ಟಿನಿಂದ 2.5 ವೋಲ್ಟಿಗೆ ಏರಲು ಸುಮಾರು 6 ಮಿಲಿಕೂಲಂಬ್ ಬೇಕು. ಪ್ಯಾನೆಲ್ ಮೋಡದಲ್ಲಿ 10 ಮಿಲಿಆಂಪ್ ಕೊಟ್ಟರೆ ಅರ್ಧ ಸೆಕೆಂಡಿನ ಮೇಲೆ ಚೂರು ಹೊತ್ತು ಸಾಕು. ಅದೇ ಪ್ಯಾನೆಲ್ ಮನೆಯೊಳಗೆ 0.1 ಮಿಲಿಆಂಪಿಗೆ ಇಳಿದರೆ ಒಂದು ನಿಮಿಷ ಕಾಯಬೇಕು. ಆದರೂ ಕುಪ್ಪಳಿಸುತ್ತದೆ ಅನ್ನುವುದೇ ಇಲ್ಲಿನ ಮಜಾ. ಒಂದು ಕುಪ್ಪಳಿಕೆಯ ಶಕ್ತಿ 0.01 ಜೂಲ್ ಅಷ್ಟೇ, ಕಡ್ಡಿಪೆಟ್ಟಿಗೆಯಷ್ಟು ಹಗುರ ರೋಬೋಟನ್ನು ಒಂದಿಷ್ಟು ದೂರ ತಳ್ಳಲು ಸಾಕು. ಇನ್ನೂ ಉದ್ದ ಓಟ ಬೇಕಿದ್ದರೆ ಸೂಪರ್ ಕೆಪಾಸಿಟರ್ ಹಾಕಬಹುದು. ಗುಂಡಿಯಾಕಾರದ 5.5 ವೋಲ್ಟಿನದ್ದು ಬೇಡ. ಅದರ ಒಳಗಿನ ತಡೆ ಜಾಸ್ತಿ, ಮೋಟಾರಿಗೆ ಬೇಕಾದ ಕರೆಂಟನ್ನು ಒಮ್ಮೆಲೇ ಬಿಡುವುದಿಲ್ಲ. ಉದ್ದ ಸಿಲಿಂಡರಿನಂಥ 2.7 ವೋಲ್ಟಿನದ್ದು ತಗೊಳ್ಳಿ. ಅದಕ್ಕೆ 6 ವೋಲ್ಟಿನ ಪ್ಯಾನೆಲ್ ಸುಮ್ನೆ ಜೋಡಿಸಿ ಬಿಸಿಲಲ್ಲಿ ಬಿಟ್ಟರೆ ಮಾತ್ರ ಹಾಳಾಗುತ್ತದೆ.

ಹೆಜ್ಜೆ 3: ಬಿಸಿಲಲ್ಲೋ, ಮನೆಯೊಳಗೋ?

ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಎಲ್‌ಇಡಿ ಟ್ಯೂಬ್ ಇರುವ ಕೋಣೆಯ ಮೇಜಿನ ಮೇಲೆ ಬೀಳುವುದು ಒಂದು ವ್ಯಾಟಿನ ಆಸುಪಾಸು. ಸಾವಿರದಲ್ಲಿ ಒಂದು ಪಾಲು! ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಂತರ ಗೊತ್ತೇ ಆಗುವುದಿಲ್ಲ. ಅಂಗಳದಲ್ಲಿ 100 ಮಿಲಿಆಂಪ್ ಕೊಟ್ಟ ಪ್ಯಾನೆಲ್ ಪಡಸಾಲೆಯಲ್ಲಿ 0.1 ಮಿಲಿಆಂಪ್ ಕೊಟ್ಟರೆ ಅದು ಕೆಟ್ಟಿಲ್ಲ.

ಹೊರಗೆ ಓಡುವ ರೋಬೋಟಿಗೆ ಕ್ರಿಸ್ಟಲ್ ಸಿಲಿಕಾನ್ ಸೆಲ್ಲೇ ಸರಿ. ಒಂದೇ ಸಮ ಕಪ್ಪಗಿದ್ದರೆ ಅದು ಮೋನೋ. ನೀಲಿ ಮೈಮೇಲೆ ಚೂರುಚೂರು ಹೊಳಪು ಕಂಡರೆ ಪಾಲಿ. ಮೋನೋ ಸ್ವಲ್ಪ ಹೆಚ್ಚು ಕೊಡುತ್ತದೆ, ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿದ್ದರೆ ಅದನ್ನೇ ತಗೊಳ್ಳಿ. ಮನೆಯೊಳಗೆ ಓಡಬೇಕಾದದ್ದಕ್ಕೆ ಕ್ಯಾಲ್ಕುಲೇಟರಿನಲ್ಲಿರುವ ಕಂದು ಬಣ್ಣದ ಅಮಾರ್ಫಸ್ (ಹರಳಿಲ್ಲದ ಸಿಲಿಕಾನ್) ಪಟ್ಟಿ ಒಳ್ಳೆಯದು. ಬಿಸಿಲಿನಲ್ಲಿ ಅದರ ಕೆಲಸ ಕ್ರಿಸ್ಟಲ್ ಸೆಲ್ಲಿನ ಮೂರರಲ್ಲೊಂದು ಪಾಲು. ಆದರೆ ಮಂದ ಬೆಳಕಿನಲ್ಲಿ ವೋಲ್ಟ್ ಬಿಟ್ಟುಕೊಡುವುದಿಲ್ಲ. ಕ್ರಿಸ್ಟಲ್ ಸೆಲ್ ಮಂದ ಬೆಳಕಿನಲ್ಲಿ ಒಳಗೊಳಗೇ ಸೋರಿಹೋಗುತ್ತದೆ. ಅದರಲ್ಲೂ ಅಗ್ಗದ ಮಾಲು.

ಹಳೆಯ ಲೇಖನಗಳಲ್ಲಿ 'ಟೇಬಲ್ ಲ್ಯಾಂಪ್ ಕೆಳಗೆ ಇಟ್ಟು ಪರೀಕ್ಷಿಸಿ' ಅಂತ ಇರುತ್ತದೆ. ಅದು 60 ವ್ಯಾಟಿನ ಹಳದಿ ಬಲ್ಬಿನ ಕಾಲದ ಮಾತು. ಆ ಬಲ್ಬಿನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣಗಳೇ ಹೆಚ್ಚು, ಸಿಲಿಕಾನಿಗೆ ಅವು ಬಲು ಇಷ್ಟ. ಎಲ್‌ಇಡಿಯಲ್ಲಿ ಅವು ಇಲ್ಲ. ಹಾಗಾಗಿ ಮೊಬೈಲ್ ಟಾರ್ಚ್ ಹಿಡಿದು ಪ್ಯಾನೆಲ್ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಇನ್ನು ನಮ್ಮ ಊರ ಹವೆ. ಜೂನ್-ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ದಟ್ಟ ಮೋಡ ಇದ್ದಾಗ ಸಿಗುವುದು ಐದರಲ್ಲೊಂದು, ಹತ್ತರಲ್ಲೊಂದು ಪಾಲು ಮಾತ್ರ. ಅದೇ ಹೊತ್ತಿಗೆ ಪೂರ್ವಕ್ಕೆ, ಗದಗ ಕಡೆ ಹೋದರೆ ಮಳೆ ಕಡಿಮೆ, ಗಾಳಿಯ ಜೊತೆ ಬಿಸಿಲೂ ಇಣುಕುತ್ತಿರುತ್ತದೆ. ಮಳೆಗಾಲದ ಮೇಳಕ್ಕೆ ತಯಾರಿ ಮಾಡುವವರು ಮೋಡದ ಲೆಕ್ಕವನ್ನೇ ಹಿಡಿಯಿರಿ.

ಹೆಜ್ಜೆ 4: ಪಟ್ಟಿ ಎಣಿಸಿ, ಉದ್ದಗಲ ಅಳೆಯಿರಿ

ಸ್ಕೇಲ್ ಒಂದಿದ್ದರೆ ಪ್ಯಾನೆಲ್ ಹಿಂದೆ ಬರೆದದ್ದು ನಿಜವೋ ಸುಳ್ಳೋ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಒಂದು ಸಿಲಿಕಾನ್ ಸೆಲ್ ದೊಡ್ಡದಿರಲಿ, ಚಿಕ್ಕದಿರಲಿ, ಕೆಲಸ ಮಾಡುವಾಗ ಕೊಡುವುದು ಅರ್ಧ ವೋಲ್ಟ್. ಏನೂ ಜೋಡಿಸದೆ ಅಳೆದರೆ 0.6 ವೋಲ್ಟ್. 6 ವೋಲ್ಟಿನ ಪ್ಯಾನೆಲ್ ಅಂದರೆ ಒಂದರ ಹಿಂದೆ ಒಂದು ಜೋಡಿಸಿದ 12 ಸೆಲ್ ಪಟ್ಟಿ. ಗಾಜಿನಂಥ ಎಪಾಕ್ಸಿ ಅಂಟಿನ ಪದರದ ಕೆಳಗೆ ಅವು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕರೆಂಟು ನಿಂತಿರುವುದು ಒಂದು ಪಟ್ಟಿಯ ಅಗಲ-ಉದ್ದದ ಮೇಲೆ: ಪೂರ್ತಿ ಬಿಸಿಲಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 30 ಮಿಲಿಆಂಪ್.

ಈಗ ಎಲ್ಲೆಡೆ ಸಿಗುವ 11 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಪ್ಯಾನೆಲ್ ನೋಡೋಣ. ಒಟ್ಟು 66 ಚದರ ಸೆಂಟಿಮೀಟರ್. ಅದನ್ನು 12 ಪಟ್ಟಿಗೆ ಹಂಚಿದರೆ ಒಂದಕ್ಕೆ 5.5. ಅದಕ್ಕೆ 30ರ ಲೆಕ್ಕದಲ್ಲಿ 165 ಮಿಲಿಆಂಪ್. ಹಿಂದೆ '6 ವೋಲ್ಟ್ 1 ವ್ಯಾಟ್' ಅಂತ ಇದ್ದರೆ ಮಾತು ನಿಜ. ಅದೇ ಅಳತೆಯ ಪ್ಯಾನೆಲ್ ಮೇಲೆ '3 ವ್ಯಾಟ್' ಅಂತ ಇದ್ದರೆ ನಕ್ಕು ವಾಪಸ್ ಕೊಡಿ. ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಬಿಸಿಲೇ 100 ಮಿಲಿವ್ಯಾಟ್. ಸಣ್ಣ ಪ್ಯಾನೆಲ್ ಅದರಲ್ಲಿ 15-18 ಹಿಡಿದರೆ ಅದೇ ದೊಡ್ಡದು.

ಈ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಅಷ್ಟೇ ಜಾಗದಲ್ಲಿ ವೋಲ್ಟ್ ಜಾಸ್ತಿ ಬೇಕೆಂದರೆ ಪಟ್ಟಿ ಸಣ್ಣದಾಗಬೇಕು, ಕರೆಂಟು ಇಳಿಯುತ್ತದೆ. ಎರಡೂ ಬೇಕೆಂದರೆ ಪ್ಯಾನೆಲ್ ದೊಡ್ಡದಾಗಿ ರೋಬೋಟ್ ಭಾರ ಆಗುತ್ತದೆ. 2-3 ವೋಲ್ಟಿನ ಮೋಟಾರಿಗೆ 6 ವೋಲ್ಟಿನ ಪ್ಯಾನೆಲ್ ನೇರ ಜೋಡಿಸಿದರೆ ಅರ್ಧ ಜಾಗ ದಂಡ.

ಹೆಜ್ಜೆ 5: ಕಾದ ಪ್ಯಾನೆಲಿನ ವೋಲ್ಟ್ ನೋಡಿ

ಬೆಳಿಗ್ಗೆ ಒಂಬತ್ತಕ್ಕೆ ಚೆನ್ನಾಗಿ ಕುಪ್ಪಳಿಸುತ್ತಿದ್ದ ರೋಬೋಟ್ ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಸುಮ್ಮನೆ ಕೂತುಬಿಡುತ್ತದೆ. ಬಿಸಿಲು ಇನ್ನೂ ಏರಿದೆ, ಆದರೂ ಮಿಸುಕುತ್ತಿಲ್ಲ. ಹುಡುಗರು ಟ್ರಾನ್ಸಿಸ್ಟರ್ ಸುಟ್ಟಿತು ಅಂತ ಸರ್ಕಿಟ್ ಬಿಚ್ಚಲು ಕೂರುತ್ತಾರೆ. ಬಿಚ್ಚಬೇಡಿ, ಮೊದಲು ಪ್ಯಾನೆಲ್ ಮುಟ್ಟಿ ನೋಡಿ. ಕೈ ಚುರ್ ಅನ್ನುತ್ತದೆ.

ಸಿಲಿಕಾನ್ ಸೆಲ್ ಬಿಸಿಯಾದಂತೆ ವೋಲ್ಟ್ ಕಳೆದುಕೊಳ್ಳುತ್ತದೆ. ಒಂದು ಡಿಗ್ರಿಗೆ ಒಂದು ಸೆಲ್ಲಿನಲ್ಲಿ ಸುಮಾರು 2 ಮಿಲಿವೋಲ್ಟ್. ಹಿಂದೆ ಬರೆದಿರುವ ಅಂಕಿ 25 ಡಿಗ್ರಿಯದು. ಬಿಸಿಲಲ್ಲಿ ಕಾದ ಪ್ಯಾನೆಲ್ ಸುಲಭವಾಗಿ 60 ಮುಟ್ಟುತ್ತದೆ. 5 ಸೆಲ್ಲಿನ ಪ್ಯಾನೆಲ್ ಇದೆ ಅನ್ನಿ. ತಂಪಿನಲ್ಲಿ ಅದರ ತೆರೆದ ವೋಲ್ಟ್, ಅಂದರೆ ಏನೂ ಜೋಡಿಸದೆ ಅಳೆದದ್ದು, 3. ಅದು 35 ಡಿಗ್ರಿ ಹೆಚ್ಚು ಕಾದರೆ 0.35 ವೋಲ್ಟ್ ಹೋಗಿ 2.65 ಉಳಿಯುತ್ತದೆ. ನಿಮ್ಮ ಟ್ರಿಗರ್ 2.7ಕ್ಕೆ ಬಾಗಿಲು ತೆರೆಯುವಂಥದ್ದಾದರೆ? ಕೆಪಾಸಿಟರ್ 2.65ಕ್ಕೆ ತುಂಬಿ ನಿಂತೇ ಇರುತ್ತದೆ, ಆ 2.7 ಬರುವುದೇ ಇಲ್ಲ. ಎಷ್ಟು ಬಿಸಿಲು ಬಿದ್ದರೂ ಅಷ್ಟೇ. ಒಂದು ಒದ್ದೆ ಬಟ್ಟೆಯಿಂದ ಪ್ಯಾನೆಲ್ ಒರೆಸಿ ನೋಡಿ. ತಣ್ಣಗಾದ ಕೂಡಲೇ ಕುಪ್ಪಳಿಸುತ್ತದೆ. ರೋಗ ಯಾವುದು ಅಂತ ಗೊತ್ತಾಯಿತಲ್ವಾ?

ಹಾಗಾಗಿ ಕಾದ ಮೇಲೂ ಪ್ಯಾನೆಲಿನ ತೆರೆದ ವೋಲ್ಟ್ ಟ್ರಿಗರ್ ಮಟ್ಟಕ್ಕಿಂತ ಅರ್ಧ-ಮುಕ್ಕಾಲು ವೋಲ್ಟ್ ಮೇಲಿರಬೇಕು. ಮಿನುಗುವ ಎಲ್‌ಇಡಿಯ ಟ್ರಿಗರ್ ಎಲ್‌ಇಡಿ ಬಣ್ಣ, ಮಾದರಿ ನೋಡಿಕೊಂಡು 2ರಿಂದ 3 ವೋಲ್ಟ್ ನಡುವೆ ಬೀಳುತ್ತದೆ. ಅದನ್ನು ಮೊದಲು ಅಳೆದುಕೊಳ್ಳಿ. 2.7 ಬಂದರೆ 7 ಸೆಲ್ಲಿನ ಪ್ಯಾನೆಲ್ ನೋಡಿ. ಕಾದಾಗಲೂ ಅದರಲ್ಲಿ 3.7 ವೋಲ್ಟ್ ಉಳಿದಿರುತ್ತದೆ. 6 ಸೆಲ್ಲಿನದ್ದು ತಗೊಂಡರೆ ಧಾರವಾಡದ ಡಿಸೆಂಬರಿನಲ್ಲಿ ಏನೂ ತೊಂದರೆ ಇಲ್ಲ, ಏಪ್ರಿಲ್‌ನಲ್ಲಿ ಅಂಚಿನ ಮೇಲೆ ನಡೆದ ಹಾಗೆ.

ಹೆಜ್ಜೆ 6: ಕೊಳ್ಳುವ ಮೊದಲು ಬಿಸಿಲಿಗೆ ಹಿಡಿಯಿರಿ

ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಅಂಗಡಿಯಲ್ಲಿ ಕೊಳ್ಳುವುದಾದರೆ ಮಲ್ಟಿಮೀಟರ್ ಜೇಬಲ್ಲಿರಲಿ. "ಅಣ್ಣಾರ, ಒಂದ್ ಸಲ ಬಿಸಿಲಿಗೆ ಹಿಡಿದು ನೋಡ್ಲೇನ್ರೀ?" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. "ನೋಡ್ರಿ, ಆದ್ರ ಬೀಳಸಬ್ಯಾಡ್ರಿ" ಅನ್ನಬಹುದು, ಅಷ್ಟೇ.

ಮೊದಲು ತೆರೆದ ವೋಲ್ಟ್ ಅಳೆಯಿರಿ. ಇದು ಪ್ಯಾನೆಲ್ ಬದುಕಿದೆಯೋ ಇಲ್ಲವೋ ಅಂತ ಹೇಳುತ್ತದೆ, ಹೆಚ್ಚೇನೂ ಇಲ್ಲ. ಮೋಡದಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆಮೇಲೆ ಮೀಟರನ್ನು ಕರೆಂಟಿನ ಕಡೆ ತಿರುಗಿಸಿ ಪ್ಯಾನೆಲಿನ ಎರಡು ತುದಿಗೆ ನೇರ ಹಿಡಿಯಿರಿ. ಬ್ಯಾಟರಿಗೆ ಹೀಗೆ ಮಾಡಬಾರದು, ಸೋಲಾರ್ ಪ್ಯಾನೆಲಿಗೆ ಏನೂ ಆಗುವುದಿಲ್ಲ. 200 ಮಿಲಿಆಂಪ್ ದಾಟುವ ಪ್ಯಾನೆಲ್ ಆದರೆ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ. ಮುಗಿದ ಮೇಲೆ ಮರೆಯದೆ ಮತ್ತೆ ವೋಲ್ಟಿನ ತೂತಿಗೆ ತನ್ನಿ. ಬರೆದ ಅಂಕಿಯ ನೂರಕ್ಕೆ ಎಂಬತ್ತರಷ್ಟು ಬಂದರೂ ಒಪ್ಪಬಹುದು.

ಸಮಯ ಇದ್ದರೆ ಮೂರನೇ ಪರೀಕ್ಷೆಯೂ ಮಾಡಿ, ನಿಜ ಹೇಳುವುದು ಅದೇ. ಪ್ಯಾನೆಲ್ 2 ವೋಲ್ಟ್ 60 ಮಿಲಿಆಂಪಿನದ್ದಾದರೆ 33 ಓಮಿನ ರೆಸಿಸ್ಟರ್ ಜೋಡಿಸಿ ವೋಲ್ಟ್ ನೋಡಿ. 2ರ ಹತ್ತಿರ ನಿಂತರೆ ಒಳ್ಳೆ ಮಾಲು. 1ಕ್ಕೆ ಕುಸಿದರೆ ಯಾವುದೋ ಪಟ್ಟಿ ಬಿರುಕು ಬಿಟ್ಟಿದೆ ಅಥವಾ ಬೆಸುಗೆ ಬಿಟ್ಟಿದೆ.

ದುಡ್ಡೇ ಕೊಡದೆ ಕಲಿಯಬೇಕೆಂದರೆ ಕೆಟ್ಟ ಗಾರ್ಡನ್ ದೀಪ ಹುಡುಕಿ. ಸಾಮಾನ್ಯವಾಗಿ ಕೆಡುವುದು ಅದರೊಳಗಿನ 1.2 ವೋಲ್ಟಿನ ಬ್ಯಾಟರಿ. ಮೇಲಿನ 2 ವೋಲ್ಟಿನ ಪ್ಯಾನೆಲ್ ಹಾಗೇ ಇರುತ್ತದೆ. ಒಂದರ ವೋಲ್ಟ್ ಸಾಲದಿದ್ದರೆ ಎರಡನ್ನು ಸರಣಿಯಲ್ಲಿ ಜೋಡಿಸಿ. ಬೆಸುಗೆ ಹಾಕುವಾಗ ಬಿಸಿ ಕಡ್ಡಿಯನ್ನು ಜಾಸ್ತಿ ಹೊತ್ತು ಒತ್ತಬೇಡಿ, ತಾಮ್ರದ ಬಿಂದು ಕಿತ್ತು ಬಂದರೆ ಪ್ಯಾನೆಲ್ ಕಸಕ್ಕೆ. ಬಿಡಿ ಸೆಲ್ ತುಂಡುಗಳನ್ನು ತರಿಸಿಕೊಳ್ಳುವವರು ಗಮನಿಸಿ: ಸಾಮಾನ್ಯ ಸೆಲ್ಲಿನಲ್ಲಿ ಬೆಳಕು ಬೀಳುವ ನೀಲಿ ಮುಖ ಮೈನಸ್, ಬೆನ್ನು ಪ್ಲಸ್. ಹಪ್ಪಳದಂತೆ ಮುರಿಯುತ್ತವೆ, ಮೊದಲ ಸಲಕ್ಕೆ ಅವು ಬೇಡ.

ಹೆಜ್ಜೆ 7: ಬೆನ್ನ ಮೇಲೆ ಕೂರಿಸುವುದು

ಕೆನಡಾ, ಯುರೋಪಿನವರ ನಕ್ಷೆಗಳಲ್ಲಿ ಪ್ಯಾನೆಲ್ ಓರೆಯಾಗಿ ನಿಂತಿರುತ್ತದೆ. ಅಲ್ಲಿ ಸೂರ್ಯ ಮಧ್ಯಾಹ್ನವೂ ಕೆಳಗೇ ಇರುತ್ತಾನೆ. ಹುಬ್ಬಳ್ಳಿ, ಧಾರವಾಡ, ಗದಗ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಹಾವೇರಿ ಇನ್ನೂ ಸ್ವಲ್ಪ ಕೆಳಗೆ. ಮೇ ಶುರುವಿನಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ರೋಬೋಟ್ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಆದ್ದರಿಂದ ನಮ್ಮಲ್ಲಿ ಪ್ಯಾನೆಲ್ ಚಪ್ಪಟೆಯಾಗಿ ಮಲಗಿಸುವುದೇ ಜಾಣತನ.

ನೆರಳಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಇರಲಿ. ಪಟ್ಟಿಗಳು ಸರಣಿಯಲ್ಲಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಎಲ್ಲದರ ಕರೆಂಟಿಗೂ ಕತ್ತರಿ. ಅಂದಕ್ಕೆ ಅಂತ ತಂತಿಯ ಮೀಸೆ, ಕೊಂಬು ಹಚ್ಚಿದವರು ಅದರ ನೆರಳು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಎರೆಮಣ್ಣಿನ ಧೂಳೂ ಅಷ್ಟೇ, ಆಗಾಗ ಒರೆಸಿ.

ಪ್ಯಾನೆಲ್‌ಗಳು ಎರಡಿದ್ದು ಬೇರೆಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ಸರಣಿ ಬೇಡ, ಸಮಾಂತರ ಜೋಡಿಸಿ, ಒಂದೊಂದಕ್ಕೂ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿ. 1ಎನ್4007 ಹಾಕಿದರೆ 0.7 ವೋಲ್ಟ್ ನುಂಗುತ್ತದೆ, 2 ವೋಲ್ಟಿನ ಪ್ಯಾನೆಲಿಗೆ ಅದು ಮೂರರಲ್ಲೊಂದು ಪಾಲು ನಷ್ಟ. 1ಎನ್5819 ಶಾಟ್ಕಿ ಡಯೋಡ್ ಅದರ ಅರ್ಧಕ್ಕಿಂತಲೂ ಕಡಿಮೆಗೆ ಸುಮ್ಮನಾಗುತ್ತದೆ.

ಮೇಲ್ಮೈ ಯಾವುದು ಅಂತಲೂ ವಿಚಾರಿಸಿ. ಎಪಾಕ್ಸಿ ಸುರಿದ ಪ್ಯಾನೆಲ್ ಹೊರಗೇ ಬಿಟ್ಟರೆ ವರ್ಷ ಎರಡು ವರ್ಷದಲ್ಲಿ ಹಳದಿಯಾಗುತ್ತದೆ. ಗಾಜಿನದ್ದು ಬಾಳಿಕೆ ಬರುತ್ತದೆ, ಆದರೆ ಭಾರ. ಮೇಳ ಮುಗಿದ ಮೇಲೆ ಕಪಾಟು ಸೇರುವ ರೋಬೋಟಿಗೆ ಎಪಾಕ್ಸಿ ಸಾಕು.

ಆರ್ಡುಯಿನೋ ಹಾಕಲೇಬೇಕು ಅನ್ನುವವರಿಗೆ

ಆರ್ಡುಯಿನೋ ಅಂದರೆ ಪ್ರೋಗ್ರಾಂ ತುಂಬಿ ನಡೆಸುವ ಮೈಕ್ರೋಕಂಟ್ರೋಲರ್ ಬೋರ್ಡ್. ಅದರ ಊನೋ ಮಾದರಿ ಏನೂ ಕೆಲಸ ಮಾಡದೆ ಕೂತರೂ 50 ಮಿಲಿಆಂಪಿನಷ್ಟು ತಿನ್ನುತ್ತದೆ. 1 ವ್ಯಾಟಿನ ಪ್ಯಾನೆಲಿನ ಮೂರರಲ್ಲೊಂದು ಪಾಲು ಅಲ್ಲೇ ಮುಗಿಯಿತು. 3.3 ವೋಲ್ಟಿನ ಪ್ರೋ ಮಿನಿ ಬೋರ್ಡ್ ಅಥವಾ ಎಟಿಟೈನಿ85 ಚಿಪ್ ತಗೊಳ್ಳಿ, ಮಧ್ಯೆ ನಿದ್ದೆ ಮಾಡಿಸಿ. ಇಂಥ ರೋಬೋಟಿಗೆ ಬ್ಯಾಟರಿ ಬೇಕೇ ಬೇಕು. ಲಿಥಿಯಂ ಸೆಲ್ ಆದರೆ ಟಿಪಿ4056 ಚಾರ್ಜರ್ ಬೋರ್ಡಿಗೆ 6 ವೋಲ್ಟಿನ ಪ್ಯಾನೆಲ್ ಹೊಂದುತ್ತದೆ. ತೆರೆದ ವೋಲ್ಟ್ 8 ಮೀರದಂತೆ ನೋಡಿಕೊಳ್ಳಿ. 100 ಮಿಲಿಆಂಪಿನ ಪ್ಯಾನೆಲ್ 2000 ಎಂಎಎಚ್ (ಮಿಲಿಆಂಪ್-ಗಂಟೆ) ಸೆಲ್ ತುಂಬಲು 20 ಗಂಟೆಗೂ ಹೆಚ್ಚು ಗಟ್ಟಿ ಬಿಸಿಲು ಬೇಕು, ಅಂದರೆ ಬೇಸಿಗೆಯಲ್ಲೂ ನಾಲ್ಕು ದಿನ. ಮೇಳ ಸೋಮವಾರ ಇದ್ದರೆ ಗುರುವಾರ ಬೆಳಿಗ್ಗೆಯೇ ಮಾಳಿಗೆ ಮೇಲೆ ಇಡಿ.